ಬೀಗತಿ ತುತ್ತು

...ಅಲ್ರಿ ಹುಲಿಗೆವ್ವಕ್ಕಾರ, ರೊಟ್ಟಿ ಆರಾಕತ್ತಾವು, ನೀವು ನೋಡಿದ್ರ ನನ್ನ ಮಾರಿ ನೋಡ್ಕೋತ ಕುಂತೀರಿ. ಉಣ್ರಿ. ನನ್ನ ಮಾರಿ ಮ್ಯಾಲೇನು ಹೋಳಗಿ ಇಟ್ಟೇನೇನು? ಹೋಳಗಿ ತಾಟಿನ್ಯಾಗ ಐತಿ, ಅಲ್ಲಿ, ತುಪ್ಪದಾಗ ಮುಳಗಿ ಹೋಗೇತಿ. ರಾಯಾಪುರದಿಂದ ಗಬ್ಬೂರ ತನಕ ಈ ಬಿಸಲಾಗ ಬಸ್ ಬದಲ ಮಾಡ್ಕೋತ ಬಂದೀರಿ. ಬಂದ ಬೀಗತಿ ಹಸಗೊಂಡ ಹೋದ್ಲು ಅಂದ್ರ ನಾ ಓಣ್ಯಾಗ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ, ನೀವ ಹೇಳ್ರಿ.

ನಂದು ಆಗೇತ್ರಿ. ಮುಂಜಾನೇನ ಆತು. ನಮ್ಮ ಭುವನಾನ ಅಪ್ಪ ಪಲ್ಲೆ ಗಂಟು ಹೊತ್ಕೊಂಡು ದುರ್ಗದಬೈಲಿಗೆ ಮಾರಾಕ ಹೋಗೂಕಿಂತ ಮೊದಲ ಇಬ್ಬರೂ ಕೂಡಿ ಉಂಡ್ವಿ. ಹೊಟ್ಟಿ ಗಟ್ಟಿ ಐತಿ. ನೀವು ಸುರು ಮಾಡ್ರಿ, ನಾ ಹಿಂಗ ಎದರಿಗೆ ಕುಂತು ಬಡಿಸ್ತೇನಿ. ಎಣಗಾಯಿ ಹಾಕ್ಲ್ಯಾ? ಎಳೀ ಬದನಿಕಾಯಿ, ಮುಂಜಾನೆ ತಂದದ್ದು. ಶೇಂಗಾ ಹಿಂಡಿ ಐತಿ, ಗಟ್ಟಿ ಮಸರು ಐತಿ. ಮಸರ ಹಚ್ಚಿ ತಿಂದ್ರ ನನಗ... ನಿಮಗ ಬೇಷ್ ಹತ್ತತೈತಿ.

ಮತ್ತ ಹಂಗ ನೋಡಾಕತ್ರಿ. ಏನ್ರಿ? ಒಂದ ತಾಟ ಯಾಕ ಹಚ್ಚೀದಿ ಅಂತ ಕೇಳಾಕತ್ತೀರೇನು? ಇವತ್ತ ಸೋಮವಾರ ಅಲ್ರಿ. ಸೋಮವಾರ ನಂದು ಒಪ್ಪತ್ತು, ರಾತ್ರಿ ಒಂದ ಸಲ ಉಣ್ಣೂದು. ಹಿಂಗಾಗಿ...

ಯಾಕ್ರಿ, ನಗು ಬಂತಾ? ಹೌದು, ಈಗರ ಮುಂಜಾನೆ ಉಂಡೆ ಅಂದೆ, ಈಗ ಒಪ್ಪತ್ತು ಅಂದೆ. ಎರಡೂ ಖರೇ ಐತ್ರಿ. ಮುಂಜಾನೆ ಉಂಡೆ, ಆಮ್ಯಾಲೆ ಒಪ್ಪತ್ತು ನೆನಪಾತು. ದೇವರು ಅಷ್ಟ ಸಿಟ್ಟಾಗಾಂವಲ್ಲ. ನೀವು ನಗ್ರಿ, ನಕ್ಕರ ಛಲೋನ. ನಿಮ್ಮ ಮಾರಿ ಮ್ಯಾಲೆ ನಗು ನೋಡಿ ಎಷ್ಟ ದಿನಾತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರ. ಹಂಗಂದ್ರ ನಿಮ್ಮ ಮನ್ಯಾಗ ಬಂಗಾರ ಇಡಾಕ ಜಾಗಾ ಇರಲಿಕ್ಕಿಲ್ಲ. ನನ್ನ ಮಗಳು ಭುವನಾ ಮೊದಲ ಸಲ ತವರಿಗೆ ಬಂದಾಗ ಹೇಳಿದ್ಲು, ಅವ್ವಾ, ನಮ್ಮ ಅತ್ತಿ ದಿನಕ್ಕ ನಾಕ ಮಾತು ಆಡಿದ್ರ ಅವತ್ತ ಹಬ್ಬ ಅಂತ. ಆದ್ರ ಛಲೋ ಅತ್ತಿ ಅಂತನೂ ಹೇಳಿದ್ಲು ಬಿಡ್ರಿ. ಚಾಡಿ ಅಲ್ಲ.

ಇರ್ಲಿ, ನೀವು ಬಂದ ಮಾತಿಗೆ ಬರೂಣು. ಕುಬಸದ ಮಾತು. ಭುವನಾಗ ಏಳನೇ ತಿಂಗಳು ಬಿತ್ತು. ನಮ್ಮ ರೂಢಿ ನಿಮ್ಮ ರೂಢಿ ಒಂದ ಐತಿ. ನಾವು ಬುತ್ತಿ ಕಟಗೊಂಡು ರಾಯಾಪುರಕ್ಕ ಬರೂದು, ಹಸರು ಸೀರಿ ಉಡಿಸಿ ಉಡಿ ತುಂಬೂದು, ಮಗಳನ್ನ ಕರಕೊಂಡು ಬರೂದು. ಚೊಚ್ಚಲ ಹೆರಿಗಿ ತವರಮನ್ಯಾಗ. ಇದರಾಗ ಮಾತೇನೈತ್ರಿ? ಆದ್ರ ಹನಮೇಶಪ್ಪ ಫೋನ್‌ನ್ಯಾಗ ಒಂದ ಮಾತು ಅಂದ್ರು. ಅತ್ತಿ, ನಿಮಗ ಇನ್ನೂ ಆರಾಮಿಲ್ಲ, ಹೆರಿಗಿ ಇಲ್ಲೇ ಆಗಲಿ ಬಿಡ್ರಿ ಅಂತ. ನಿಮ್ಮ ಮಗಾ ಕೆಟ್ಟ ಮನಸ್ಸಿನಿಂದ ಅಂದಿಲ್ಲ, ನನಗ ಗೊತ್ತೈತಿ. ಆದ್ರೂ ಅವತ್ತ ನನಗ ಮನ್ಯಾಗ ಕುಂಡ್ರಾಕ ಆಗವಲ್ದು, ನಿಂದ್ರಾಕ ಆಗವಲ್ದು. ಹಿತ್ತಲಕ್ಕ ಹೋದೆ, ಬಂದೆ, ಮತ್ತ ಹೋದೆ. ಆರಾಮಿಲ್ಲ ಅಂತ ಯಾರು ಹೇಳಿದ್ರು? ನೋಡ್ರಿ ನನ್ನ. ಮುಂಜಾನೆ ಎದ್ದು ಮೆಂತೇಪಲ್ಲೆ ಸಿವುಡು ಕಟ್ಟೇನಿ, ರಾಜಗಿರಿ ಕಟ್ಟೇನಿ, ನಿಮಗ ಹೂರಣ ರುಬ್ಬೇನಿ, ಹೋಳಗಿ ಮಾಡೇನಿ. ಆರಾಮಿಲ್ಲದಾಕಿ ಹೋಳಗಿ ಮಾಡ್ತಾಳೇನ್ರಿ?

ಕೆಮ್ಮಲ್ರಿ ಅದು. ಒಗ್ಗರಣಿ ಘಾಟು. ಮೆಣಸಿನಕಾಯಿ ಸೀದಿತ್ತು ಹೌದಿಲ್ಲೋ, ಅದು... ಇರ್ರಿ. ಹ್ಞಂ. ಹೋತು ನೋಡ್ರಿ. ಒಲಿ ಕಡೆ ಏನ್ ನೋಡ್ತೀರಿ? ಆರಿಸಿ ಭಾಳೊತ್ತಾತು, ಖರೇ. ಘಾಟು ಸಣ್ಣ ಮನ್ಯಾಗ ಲಗೂ ಹೋಗೂದಿಲ್ರಿ, ಬೀಗರು ಬಂದಂಗ ಅದು, ಕುಂಡರತೈತಿ.

ಮೊದಲ ಇಷ್ಟು ಹಗೂರಕ ಮಾತಾಡಾಕಿ ಅಲ್ಲ ನೀ, ಅಂತೀರೇನು? ಹೌದು, ದನಿ ಒಂದ ಚೂರು ಕುಂತೈತಿ. ಜಡ್ಡು ಸಣ್ಣದಾಗಿತ್ತೇನ್ರಿ? ನೀವ ದವಾಖಾನಿಗೆ ಬಂದು ಗಾಜಿನ ಆಚೆ ನಿಂತು ನೋಡಿ ಹೋಗೀರಿ. ಕೊರೋನಾ ಹೋಗಿ ಎಷ್ಟೋ ವರ್ಷಾತು, ಇದು ಅದರ ಸಣ್ಣ ತಮ್ಮ ಇರಬೇಕು. ಡಾಕ್ಟರು ಹೆಸರು ಹೇಳಿದ್ರು, ನನಗ ನಾಲಿಗಿ ಹೊಳ್ಳಲಿಲ್ಲ. ವೈರಸ್ ಜ್ವರ. ಎದಿಗೆ ಇಳದು ಬಿಡ್ತು. ಗಂಟಲದಾಗ ನಳಿಗಿ ಹಾಕಿ ಮಶೀನಿಗೆ ಹಚ್ಚಿದ್ರು. ಜೀವಾ ಬಂತು, ದನಿ ಹಿಂದ ಉಳಿತು. ಬರತೈತಿ ಅಂದಾರ. ಬರಲಿ ನಿಧಾನಕ. ಮೂವತ್ತು ವರ್ಷ ದುರ್ಗದಬೈಲಿನ್ಯಾಗ ಕೂಗೇತಿ ಪಾಪ, ಅದಕ್ಕೂ ಸೂಟಿ ಬ್ಯಾಡೇನು? ನಾ ಈ ತುದಿಗೆ ನಿಂತು "ಮೆಂತೇ" ಅಂದ್ರ ಆ ತುದಿ ಬಳಿ ಅಂಗಡ್ಯಾಗ ಬಳಿ ಇಟಗೊಳ್ಳಾಕತ್ತ ಹೆಣ್ಮಕ್ಕಳು ಹೊಳ್ಳಿ ನೋಡತಿದ್ರು. ಈಗ ಭುವನಾನ ಅಪ್ಪ ಕುಂಡರ್ತಾರ. ಅವರಿಗೆ ಕೂಗಾಕ ನಾಚಿಕಿ. ಮೆಂತೇ ಮುಂದಿಟಗೊಂಡು ಸನ್ಯಾಸಿ ಕುಂತಂಗ ಕುಂಡರ್ತಾರಂತ. ಗಿರಾಕಿ ತಾವ ಬಂದು, ಕಾಕಾ, ಇದು ಮಾರೂದೋ ಪೂಜಿ ಮಾಡೂದೋ ಅಂತ ಕೇಳ್ತಾರಂತ.

ಈ ಸಲ ನಗಲಿಲ್ಲ ನೀವು.

ಆತು, ನಿಮಗ ನಂಬಿಕಿ ಇಲ್ಲ ಅಂದ್ರ ಒಡಪು ಹೇಳಲ್ಯಾ? ಮದವ್ಯಾಗ ನಾ ಹೇಳಿದ್ದು ನೆನಪೈತೇನು? ನಿಮ್ಮ ಕಡೆ ಹೆಣ್ಮಕ್ಕಳು ಬಾಗಲಾ ಹಿಡಕೊಂಡು, ಸಾವಕ್ಕಾ, ಗಂಡನ ಹೆಸರು ಹೇಳು, ಹೇಳದಿದ್ರ ಒಳಗ ಬಿಡಂಗಿಲ್ಲ ಅಂದಾಗ? ಇಡೀ ಹಂದರ ನಕ್ಕಿತ್ತು. ಕುಬಸದಾಗೂ ಹೇಳಿಸ್ತಾರ, ಬಿಡ್ತಾರೇನು? ಹೊಸಾದು ಕಟ್ಟಿ ಇಟ್ಟೇನಿ. ಕೇಳ್ರಿ.

ಗಬ್ಬೂರ ಹೊಲದಾಗ ಎಳೀ ಎಳೀ ಮೆಂತಿ,
ದುರ್ಗದಬೈಲಿನ್ಯಾಗ ನಂದ ದೊಡ್ಡ ಸಂತಿ,
ನಾ ಇರೂತನಕ ಇವರಿಗಿಲ್ಲ ಚಿಂತಿ,
ನನ್ನ ರಾಯರು... ಹೊ... ಹೊಳಿ...

ಇರ್ರಿ. ಇನ್ನೊಮ್ಮೆ. ಹೊ...

ಹೆಸರು ಹೊರಗ ಬರವಲ್ದ್ರಿ. ಗಂಡನ ಹೆಸರು ಹೇಳಾಕ ನಾಚಿಕಿ ಬಂತಂತ ತಿಳಕೋರಿ. ಈ ವಯಸ್ಸಿನ್ಯಾಗ ಹೊಸ ಮದಲಗಿತ್ತಿ ಹಂಗ ಆದೆ. ಕುಬಸದ ಹೊತ್ತಿಗೆ ಬರತೈತಿ ಬಿಡ್ರಿ, ಗಡಬಡಿ ಏನಿಲ್ಲ.

ಅಯ್ಯ, ಇದೇನು, ನೀವು ಆಗಲೇ ಹೋಳಗಿ ಮುರದು ಕೈಯಾಗ ಹಿಡದೀರಿ. ನನಗಾ?

ಹೌದು, ಗೊತ್ತೈತ್ರಿ ರೂಢಿ. ನನಗ ಹೇಳಿ ಕೊಡಬೇಕೇನು? ಬೀಗತಿ ಬೀಗತಿ ತುತ್ತು ಕೊಟ್ಟು ತಗೊಂಡ್ರ ಮಾತು ಆತು. ತಾಟು ಹಂಗ ಬಿಟ್ಟು ಎದ್ರ ಮಾತು ಮುರೀತು. ಹೆಣ್ಣು ನಿಶ್ಚೆ ಆದಾಗ ನಾ ನಿಮ್ಮ ಬಾಯಾಗ ಇಡೀ ಹೋಳಗಿ ತುರುಕಿದ್ದೆ, ನಿಮ್ಮ ಗಲ್ಲ ಎರಡೂ ಉಬ್ಬಿ, ಕಣ್ಣಾಗ ನೀರು ಬಂದು, ಆದ್ರೂ ಒಂದ ಮಾತು ಆಡದ ನುಂಗಿದ್ರಿ. ಅದನ್ನ ಈಗ ತೀರಸಾಕ ಬಂದೀರಿ ಹೌದಿಲ್ಲೋ? ತೀರಸ್ರಿ. ನಾ ಯಾವಾಗ ಒಲ್ಲೆ ಅಂದೇನಿ? ಮೊದಲ ಮಾತು ಮುಗಸೂಣು ಅಂತ. ಯಾವ ವಾರ ಬರೂಣು? ನೀವು ವಾರ ಹೇಳ್ರಿ, ನಾ ಬಾಯಿ ತಗೀತೇನಿ.

ಕೈ ಕೆಳಗಿಳಿಸ್ರಿ ಅಕ್ಕಾರ, ತುಪ್ಪ ಸೋರಾಕತ್ತೈತಿ. ಒಪ್ಪತ್ತು ಅಂದೆನಲ್ರಿ. ಮ್ಯಾಲೆ ಹಲ್ಲು ಬ್ಯಾರೆ... ಹಿಂದಿನ ದವಡಿ ಹಲ್ಲು, ಮುಟ್ಟಿದ್ರ ಜೀವಾ ಹೋಗತೈತಿ. ಹೌದ್ರಿ, ಮೂರನೇ ನೆವ ಇದು. ಎಣಿಸಿ ಇಟಗೋಬ್ಯಾಡ್ರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ ಆತು ನಂದು, ನನಗೂ ಗೊತ್ತಾಗಾಕತ್ತೈತಿ.

ನೋಡ್ರಿ, ನಿಮ್ಮ ಅನುಮಾನ ಇವತ್ತ ಹರೀಲಿ. ಈ ಗಲಾಸ ನೋಡ್ರಿ. ನೀರು. ಬರೇ ನೀರು. ನಿಮ್ಮ ಎದರಿಗೆ ಗಟಗಟ ಕುಡೀತೇನಿ. ಕುಡದ ಮ್ಯಾಲೆ ನೀವು ಮಗಳನ್ನ ಕಳಸ್ತೇನಿ ಅಂತ ಹೇಳಬೇಕು ಮತ್ತ. ಆತಾ?

ಹ್ಞಾಂ... ಏನಿಲ್ಲ... ನೆತ್ತಿಗೆ... ನೆತ್ತಿಗೆ ಹತ್ತೇತಿ... ಇರ್ರಿ...

ಹ್ಞಂ. ಹ್ಞಂ. ಕುಂಡ್ರಿ ನೀವು, ಏಳಬ್ಯಾಡ್ರಿ. ಕುಂಡ್ರಿ ಅಂದ್ರ...

ಆತು. ಹೋತು. ಉಸರು ಬಂತು. ಸೆರಗು ಎಲ್ಲಾ ತೋಯ್ತು ನೋಡ್ರಿ, ಸಣ್ಣ ಕೂಸಿನಂಗ. ಯಾರೋ ನೆನಸಾಕತ್ತಾರ, ಅದಕ್ಕ ನೆತ್ತಿಗೆ ಹತ್ತೇತಿ. ಮತ್ಯಾರು? ಭುವನಾ. ಅವ್ವನ ಕೈಯಾಗಿನ ಹೋಳಗಿ ಅತ್ತಿ ಉಣ್ಣಾಕತ್ತಾಳ ಅಂತ ಹೊಟ್ಟಿಕಿಚ್ಚು ಬಂದಿರಬೇಕು ಹುಡಗಿಗೆ. ಭಾಳ ನೆನಸ್ತಾಳ್ರಿ. ಚಾ ಕುಡದ್ರ ನೆನಸ್ತಾಳ, ಸಾರು ಕುಡದ್ರ ನೆನಸ್ತಾಳ.

ಅಲ್ಲಾ... ಎಲ್ಲಾರೂ ನೆತ್ತಿ ತಟ್ಟತಾರ, ಮ್ಯಾಲೆ ನೋಡು ಮ್ಯಾಲೆ ನೋಡು ಅಂತಾರ. ನೀವು ಮ್ಯಾಲೆ ನೋಡಾಕ ಹಚ್ಚಲಿಲ್ಲ. ಮುಂದಕ ಬಗ್ಗಿಸಿ ಬೆನ್ನ ಮ್ಯಾಲೆ ಕೈ ಇಟ್ರಿ. ಹಂಗ ಮಾಡಬೇಕಂತ ದವಾಖಾನ್ಯಾಗ ಆ ನುಂಗೂದ ಕಲಸೂ ಹುಡಗಿ ಹೇಳಿದ್ಲು, ನಿಮಗ ಹೆಂಗ...

ಹೇಳಿ ಬಿಟ್ಟೆ ನೋಡ್ರಿ.

ಹೌದ್ರಿ, ಕಲಸಾಕ ಒಬ್ಬಾಕಿ ಅದಾಳ. ಮೈತ್ರೇಯಿ ಅಂತ ಹೆಸರು, ಧಾರವಾಡದಾಕಿ, ನಮ್ಮ ಭುವನಾನ ವಯಸ್ಸು. ಕೂಸು ಹುಟ್ಟಿದ ಗಳಿಗ್ಯಾಗ ಕಲಿಯೂ ವಿದ್ಯಾ, ನಾ ಮೊಮ್ಮಗನ್ನ ಎತ್ತೂ ಹೊತ್ತಿನ್ಯಾಗ ಕಲ್ಯಾಕತ್ತೇನಿ. ನೀವು ನಗತೀರಿ ಅಂತ ತಿಳದಿದ್ದೆ. ನಿಮಗ್ಯಾಕ ನಗು ಬಂದೀತು. ನಿಮ್ಮ ಯಜಮಾನ್ರಿಗೆ ಲಕ್ವಾ ಹೊಡದಾಗ ಅಷ್ಟ ದಿನ ಹೊತ್ತಹೊತ್ತಿಗೆ ನೀವ ಉಣಸೀರಿ. ನನಗ ನೆನಪ ಆಗಲಿಲ್ಲ. ಬಾಗಲದಾಗ ಕಾಲಿಟ್ಟ ಕೂಡಲೆ ನಿಮಗ ತಿಳದಿತ್ತು, ಹೌದಿಲ್ಲೋ? ನಾ "ಬರ್ರಿ ಬರ್ರಿ" ಅಂದ ದನಿ ಕೇಳಿದ ಕೂಡಲೆ. ಆ ಮ್ಯಾಲೂ ನಾ ಇಷ್ಟೊತ್ತು ನಾಟಕ ಆಡೂದು ನೋಡ್ಕೋತ ಕುಂತ್ರಿ. ಒಂದ ಮಾತು ಹೇಳಬಾರದಾಗಿತ್ತೇನ್ರಿ?

ಗಲಾಸ ಎಲ್ಲಿ ಒಯ್ತೀರಿ? ಆತು, ಅತ್ತಾಗ ಇಡ್ರಿ. ನನಗ ಅದನ್ನ ನೋಡಿದ್ರ ಅಂಜಿಕಿ ಬರತೈತಿ. ನೀರಿಗೆ ಅಂಜೂ ಹೆಂಗಸನ್ನ ಎಲ್ಲೆರ ನೋಡೀರೇನು? ಜಡ್ಡಿನ ಮಂದಿಗೆ ತೆಳ್ಳಗ ಮಾಡಿ ಕೊಡೂದು ನಮ್ಮ ಮಂದಿ ರೂಢಿ. ದವಾಖಾನಿಯಿಂದ ಬಂದ ಕೂಡಲೆ ಓಣಿಯವರೆಲ್ಲಾ ಪ್ರೀತಿಲೆ ತಂದ ಕೊಟ್ರು. ನೀರಗಂಜಿ, ತಿಳೀ ಮಜ್ಜಿಗಿ, ಬೊಗಸ್ಯಾಗ ತೀರ್ಥ. ನಾನೂ ತೆಳ್ಳಗಿದ್ದದ್ದು ಹಗೂರ ಇಳೀತೈತಿ ಅಂತ ಕುಡದೆ. ಮತ್ತ ದವಾಖಾನಿ ಸೇರಿದೆ. ತೆಳ್ಳಗಿದ್ದದ್ದು ಗಡಬಡಿಸಿ ಓಡಿ ಎದ್ಯಾಗ ಹೊಗತೈತಂತ. ಮಂದ ಇದ್ದದ್ದು ಎಮ್ಮಿ ಇದ್ದಂಗ, ನಿಧಾನಕ ತನ್ನ ದಾರಿ ಹಿಡದು ಹೋಗತೈತಿ. ಒಂದ ಪುಡಿ ಕೊಟ್ಟಾರ, ನೀರಿಗೆ ಹಾಕಿದ್ರ ಅಂಬಲಿ ಹಂಗ ಆಗತೈತಿ. ಅಲ್ಲಿ, ಜ್ವಾಳದ ಡಬ್ಬಿ ಹಿಂದ ಮುಚ್ಚಿ ಇಟ್ಟೇನಿ ನೀವು ಬರ್ತೀರಂತ. ಕುಡದ್ರ ನೀರಡಿಕಿ ಹೋಗೂದಿಲ್ರಿ. ಮುಂಜಾನೆ ಮೆಂತೇದ ಮ್ಯಾಲೆ ನೀರು ಚಿಮುಕಸ್ತೇನಿ, ಪಲ್ಲೆ ನಳನಳಸತೈತಿ, ನನ್ನ ಗಂಟಲ ಒಣಗಿರತೈತಿ. ಆ ಪಲ್ಲೆ ಮ್ಯಾಲೆ ಸಿಟ್ಟು ಬರತೈತಿ ನನಗ.

ಭುವನಾಗ ಗೊತ್ತಿಲ್ಲ. ಗೊತ್ತ ಮಾಡಬ್ಯಾಡ್ರಿ. ಫೋನ್ ಕೆಟ್ಟೈತಿ, ಮಾತು ಸರಿಯಾಗಿ ಕೇಳ್ಸೂದಿಲ್ಲ ಅಂತ ಹೇಳಿ ಲಗೂ ಇಟ್ಟ ಬಿಡ್ತೇನಿ. ನಿಮಗೂ ಗೊತ್ತಾಗಬಾರದಿತ್ತು. ಗೊತ್ತಾದ್ರ ಕಳಸೂದಿಲ್ಲ. ತನ್ನ ತುತ್ತು ತಾ ನುಂಗಾಕ ಬರದಾಕಿ ಬಾಣಂತನ ಏನ್ ಮಾಡ್ಯಾಳು ಅಂತೀರಿ. ಅಂದ್ರ ತಪ್ಪೂ ಅಲ್ಲ. ಆದ್ರ ನೋಡ್ರಿ, ಕೈ ಗಟ್ಟಿ ಅದಾವು. ಎಣ್ಣಿ ಹಚ್ಚತೇನಿ, ನೀರು ಹಾಕ್ತೇನಿ, ಶಗಣಿ ಕುಳ್ಳು ಹಚ್ಚಿ ಕಾಸ್ತೇನಿ. ಕೆಟ್ಟದ್ದು ಗಂಟಲ ಒಂದ. ಕೂಸಿಗೆ ಎರಿಯಾಕ ಗಂಟಲ ಬೇಕೇನ್ರಿ?

ಏನರ ಅನ್ರಿ. ಆಗೂದಿಲ್ಲ ಅನ್ರಿ, ಸುಳ್ಳ ಹೇಳಿದಿ ಅನ್ರಿ. ಹಂಗ ನೋಡಬ್ಯಾಡ್ರಿ ಅಕ್ಕಾರ. ಮತ್ತೇನ ಹೇಳಬೇಕು ನಾ? ಎಲ್ಲಾ ಹೇಳಿದೆ.

ಎಲ್ಲಾ ಹೇಳಿಲ್ಲ.

ಬಾಣಂತನದ ಸಲುವಾಗಿ ಅಲ್ರಿ. ಖರೇ ಹೇಳ್ತೇನಿ, ಬಾಣಂತನ ನಿಮ್ಮ ಮನ್ಯಾಗೂ ಛಲೋ ಆಗತೈತಿ, ನೀವು ನನಗಿಂತ ನೀಟಾಗಿ ಮಾಡ್ತೀರಿ. ನನಗ ಮನ್ಯಾಗ ಒಬ್ಬರು ಬೇಕಾಗ್ಯಾರ. ಭುವನಾನ ಅಪ್ಪ ಕತ್ತಲಿದ್ದಾಗ ಗಂಟು ಹೊತ್ಕೊಂಡು ಹೋಗ್ತಾರ, ಹೊತ್ತ ಮುಳಗೂಮುಂದ ಬರ್ತಾರ. ಅಷ್ಟೊತ್ತು ನಾ, ಈ ನಾಕ ಗ್ವಾಡಿ, ಒಂದ ಬಟ್ಟಲ ಅಂಬಲಿ. ಬಟ್ಟಲ ಕೈಯಾಗ ಹಿಡದು ಬಾಗಲಾ ತೆರದು ಹೊಸ್ತಿಲದಾಗ ಕುಂಡರತೇನಿ. ಗಂಟಲದಾಗ ಸಿಕ್ಕರ ಕೂಗಾಕ ದನಿ ಇಲ್ಲ. ಓಣ್ಯಾಗ ಯಾರರ ಹೊಂಟಿದ್ರ ಅವಾಗ ಒಂದ ಗುಟುಕು. ಯಾರೂ ಬರಲಿಲ್ಲ ಅಂದ್ರ ಬಟ್ಟಲ ಒಳಗಿಡ್ತೇನಿ. ಇವರು ಬಂದು ಉಂಡೀಯೇನ ಅಂತಾರ, ಉಂಡೆ ಅಂತೇನಿ. ದುಡದು ಬಂದ ಮನಶ್ಯಾಗ ಏನಂತ ಹೇಳ್ಲಿ? ಮಗಳಿದ್ರ... ಎದರಿಗೆ ಕುಂತು, ಅವ್ವಾ, ಉಣ್ಣು ಅಂದ್ರ ಸಾಕು, ನಾ ಉಣತೇನಿ. ಏಳು ತಿಂಗಳ ಬಸರಿ ಮಗಳು ನನ್ನ ಕಾಯಲಿ ಅಂತ ನಾ ಕುಬಸಾ ಮಾಡಾಕ ಹೊಂಟೇನಿ. ಇದನ್ನ ಯಾವ ಬಾಯಿಲೆ ಹೇಳ್ಲಿ? ಹಡದಾಕಿ ಹಿಂಗ ಮಾಡ್ತಾಳೇನ್ರಿ? ನನಗ ನಾಚಿಕಿ ಬರತೈತಿ.

ಎದ್ರಿ ನೀವು. ತಾಟು ಬಿಟ್ಟು ಎದ್ರಿ. ಆತು ಬಿಡ್ರಿ. ಮಾತು ಮುರೀತು. ನಾ ನಿಮಗ ಏನೂ ಅನ್ನಂಗಿಲ್ಲ, ನಿಮ್ಮ ಜಾಗಾದಾಗ ನಾ ಇದ್ರೂ... ಅಲ್ರಿ, ಬಾಗಲಾ ಅತ್ತಾಗ ಐತಿ. ಒಲಿ ಕಡೆ ಯಾಕ ಹೊಂಟ್ರಿ? ಏನ ಬೇಕು? ಹಾಲು ಬಲಗಡೆ ಐತಿ, ಕೆನಿ ಕಟ್ಟೇತಿ ನೋಡ್ರಿ. ಬಟ್ಟಲ ಮ್ಯಾಲಿನ ಹಲಗಿ ಮ್ಯಾಲೆ.

ಹೋಳಗಿ ಕಿವಚಾಕತ್ತೀರಿ ಹಾಲಿನ್ಯಾಗ. ನುಣ್ಣಗ ಕಿವಚ್ರಿ ಹಂಗಾರ, ಗಂಟು ಇರಬಾರದು. ನಿಮಗೇನ ಹೇಳೂದು ನಾ. ಹಾಲು ಅಷ್ಟ ಸಾಕು, ತೆಳ್ಳಗಾದೀತು... ಹೌದು, ಹಂಗ, ಚಮಚದಿಂದ ಜಾರಬಾರದು. ನಿಮ್ಮ ಕೈಗೆ ಇನ್ನೂ ನೆನಪೈತಿ ಅಕ್ಕಾರ. ಯಜಮಾನ್ರು ಹೋಗಿ ಎಷ್ಟ ವರ್ಷಾತು, ಕೈ ಮರತಿಲ್ಲ.

ಇಷ್ಟ ಸಣ್ಣ ತುತ್ತು? ಗುಬ್ಬಿಗೆ ಕೊಟ್ಟಂಗ ಐತಿ. ಇದು ಬೀಗತಿ ತುತ್ತೋ, ಜಡ್ಡಿನಾಕಿ ತುತ್ತೋ, ಅದನ್ನರ ಹೇಳ್ರಿ. ಜಡ್ಡಿನಾಕಿ ಮ್ಯಾಲೆ ಕರುಣಾ ಬಂದು ಕೊಡೂದಾದ್ರ ಉಣ್ಣತೇನಿ, ಇಲ್ಲನ್ನಂಗಿಲ್ಲ, ಹಸಿವಿ ಆಗೇತಿ ನನಗ. ಭಾಳ ಹಸಿವಿ ಆಗೇತ್ರಿ. ಆದ್ರ ಮಗಳ ಮಾತು ಏನಾತಂತ ತಿಳೀದ ಇಳಿಯೂದಿಲ್ಲ.

ಗದ್ದ ಎದಿಗೆ ಹಚ್ಚಬೇಕು, ಗೊತ್ತೈತಿ. ನೀವೂ ಹಚ್ಚಿ ತೋರಸಾಕತ್ತೀರೇನು... ಆತು, ಹಚ್ಚಿದೆ. ಕೊಡ್ರಿ.

ಅದೇನ್ರಿ ಅದು? ನಿಮ್ಮ ಬಾಯಿ ಯಾಕ ತಗದೀರಿ? ನನ್ನ ಕೈಲೆ... ನಾನೂ ಕೊಡಬೇಕಾ? ಕೊಟ್ಟು ತಗೊಂಡ್ರ ಮಾತು ಆತು ಅಂತ...

ಅಕ್ಕಾರ.

ಇರ್ರಿ, ಕೊಡ್ತೇನಿ, ಬಾಯಿ ಮುಚ್ಚಬ್ಯಾಡ್ರಿ. ತುಪ್ಪ ಹಚ್ಚಿ ದೊಡ್ಡದು ಕೊಡ್ತೇನಿ, ಅವತ್ತಿನಕಿಂತ ದೊಡ್ಡದು. ಮೊದಲ ಇದನ್ನ ನುಂಗ್ತೇನಿ. ನುಂಗೂಮುಂದ ಮಾತಾಡಬಾರದಂತ ಹೇಳ್ಯಾರ. ಸುಮ್ನಾಗ್ತೇನಿ ನೋಡ್ರಿ. ನೀವು ಎದರಿಗೆ ಕುಂಡ್ರಿ.